ಕೌದಿಯ ಹೊಟ್ಟೆ

“ಅಜ್ಜಾರೇ, ಒಳ್ಳೆಯದು ಮಾಡಿದವರ ಮೇಲೆಯೇ ಸಿಟ್ಟಾಗುವವರಿಗೆ ಏನು ಹೇಳಬೇಕು?”

ಹೀಗೆ ಕೇಳಿದವನು ಅಡವಯ್ಯ. ಹನ್ನೊಂದು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ದಾಸೋಹದ ಅಡುಗೆಯೂ ಉಗ್ರಾಣವೂ ಅವನ ಸುಪರ್ದಿನಲ್ಲಿದ್ದವು. ಬೆಳಗಿನ ಪೂಜೆ ಮುಗಿಸಿ ಗುರುಗಳು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಅಡವಯ್ಯ ಕೆಳಗೆ ಕೂತಿದ್ದ. ಅವನ ಮುಖ ಕೆಂಪಗಾಗಿತ್ತು.

ಯಾರ ಸಿಟ್ಟು, ಏನಾಯಿತು ಎಂದು ಗುರುಗಳು ಕೇಳಿದರು.

ಅಡವಯ್ಯ ಹೇಳಿಕೊಂಡ. ದಸರೆಯಿಂದ ಈಚೆಗೆ ಶಿಷ್ಯರೆಲ್ಲ ಸೇರಿ ಚಳಿಗಾಲಕ್ಕೆಂದು ಕೌದಿ ಹೊಲಿಯುತ್ತಿದ್ದಾರೆ. ಭಕ್ತರು ಕೊಟ್ಟ ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದಲೇ ಹೊಲಿದದ್ದು. ನಲವತ್ತು ಕೌದಿ ಸಿದ್ಧವಾಗಿ ಉಗ್ರಾಣದಲ್ಲಿವೆ. ಹತ್ತಿ ಬಿಡಿಸಲು ಬಂದು ಮಠದ ಪೌಳಿಯ ತೆರೆದ ಜಗಲಿಯಲ್ಲಿ ಮಲಗುವ ಕೂಲಿಯವರಿಗೇ ಅವು. ಹುಣ್ಣಿಮೆಗೆ ಸಭೆ ಇದೆ. ಬಟ್ಟೆ ಕೊಟ್ಟ ಭಕ್ತರ ಕೈಯಿಂದಲೇ ಅಂದು ಹಂಚಿಸುವುದೆಂದು ಗೊತ್ತುಮಾಡಿದ್ದಾರೆ. ಮೂಲೆಗೆ ಅವರವರ ಹೆಸರು ಹೊಲಿಯುವುದಷ್ಟೇ ಬಾಕಿ. ಇನ್ನು ಒಂಬತ್ತು ದಿನ. ಇದನ್ನೆಲ್ಲ ಕೂಲಿಯವರಿಗೆ ಸಮಾಧಾನವಾಗಿಯೇ ತಿಳಿಸಿದ್ದಾನೆ. ಆದರೂ ಇವತ್ತು ಬೆಳಿಗ್ಗೆ ಗಂಜಿ ಬಡಿಸಲು ಹೋದಾಗ ಅವರಲ್ಲೊಬ್ಬ ಮುದುಕ ಬಟ್ಟಲನ್ನು ನೆಲಕ್ಕೆ ಕುಕ್ಕಿ, ನಿಮ್ಮ ಕೌದಿ ನೀವೇ ಹೊದ್ದುಕೊಂಡು ಮಲಗಿರಿ ಎಂದುಬಿಟ್ಟ. ಅದೂ ಎಲ್ಲರ ಎದುರಿಗೆ.

“ನನ್ನ ಬೆರಳು ನೋಡಿ,” ಎಂದು ಅಡವಯ್ಯ ಕೈ ಚಾಚಿದ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗಾಯ. “ಇಷ್ಟು ಮಾಡಿದ್ದಕ್ಕೆ ಈ ಮಾತು ಕೇಳಬೇಕೇ? ಸಿಟ್ಟು ಪಾಪ ಅಂತ ನೀವೇ ಹೇಳಿದ್ದೀರಿ.”

ಗುರುಗಳು ಬೆರಳು ನೋಡಲಿಲ್ಲ.

“ಸಿಟ್ಟು ಪಾಪ ಅಂತ ನಾನು ಯಾವತ್ತೂ ಹೇಳಿಲ್ಲ,” ಎಂದರು. “ನಿನಗೆ ಹಾಗೆ ಕೇಳಿಸಿರಬೇಕು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಈ ಕತೆ ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ.”

ಆಮೇಲೆ ಅವರು ಹೇಳಿದ ಕತೆ ಇದು.

ಬೋಳು ಗುಡ್ಡದ ಕೆಳಗೆ ಒಂದು ಊರಿತ್ತು. ಮರ ಕಡಿಮೆ, ಗಾಳಿ ಜಾಸ್ತಿ. ದೀಪಾವಳಿ ದಾಟಿತೆಂದರೆ ಸಾಕು, ಗುಡ್ಡದ ಮೇಲಿನ ಗಾಳಿ ಇಳಿದು ಬಂದು ಮನೆಮನೆಯ ಬಾಗಿಲ ಸಂದಿಯಲ್ಲಿ ನುಗ್ಗುತ್ತಿತ್ತು. ಆ ಊರಲ್ಲಿ ಹುಲಿಗೆವ್ವ ಎಂಬ ಮುದುಕಿ ಇದ್ದಳು. ಕೌದಿ ಹೊಲಿಯುವುದು ಅವಳ ಕಸುಬು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಒಂದು ಗುಡಿಸಲು, ಒಂದು ಆಡು, ಇಷ್ಟೇ ಅವಳ ಸಂಸಾರ. ಆ ಊರಿನಲ್ಲಿ ಯಾರ ಮನೆಗೆ ಹೋದರೂ ಅಲ್ಲಿ ಮಡಚಿಟ್ಟ ಕೌದಿ ಹುಲಿಗೆವ್ವನದೇ. ಹೆರಿಗೆಗೆ ಅವಳ ಕೌದಿ, ಮದುವೆಗೆ ಅವಳ ಕೌದಿ, ಕಡೆಗೆ ಹೆಣದ ಮೇಲೆ ಹೊದಿಸುವುದಕ್ಕೂ ಅವಳ ಕೌದಿ.

ಕೌದಿಗೆ ಎರಡು ಪದ್ಧತಿ ಇದ್ದವು. ಅವನ್ನು ತಿಳಿದುಕೋ, ಇಲ್ಲದಿದ್ದರೆ ಕತೆ ನಿನಗೆ ಹತ್ತುವುದಿಲ್ಲ.

ಮೊದಲನೆಯದು, ಹೊಸ ಕೌದಿಯ ಒಳಗೆ ಹಳೆಯ ಕೌದಿ ಇರಬೇಕು. ಯಾರಿಗಾಗಿ ಹೊಲಿಯುತ್ತಾರೋ ಅವರು ಅಲ್ಲಿಯವರೆಗೆ ಹೊದ್ದದ್ದನ್ನು ನಡುವೆ ಹಾಸಿ, ಅದರ ಕೆಳಗೆ ಮೇಲೆ ಬೇರೆ ಬಟ್ಟೆ ಸೇರಿಸಿ ಹೊಲಿಯಬೇಕು. ಅವರ ಮೈಕಾವು ಹಳೆಯದರಲ್ಲಿ ಕೂತಿರುತ್ತದೆ, ಅದನ್ನು ಬಿಟ್ಟು ಹೊಲಿದರೆ ಕೌದಿಗೆ ಕರುಳೇ ಇರುವುದಿಲ್ಲ ಎನ್ನುತ್ತಿದ್ದರು.

ಎರಡನೆಯದು, ಕೌದಿಯ ಹೊಟ್ಟೆ ತುಂಬಿಸುವುದು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಒಂದು ಮೂಲೆಯನ್ನು ಮಾತ್ರ ಬಾಯಿ ತೆರೆದು ಬಿಟ್ಟಿರುತ್ತಾರೆ. ಎಲ್ಲ ಮುಗಿದ ಮೇಲೆ ಆ ಮೂಲೆಯೊಳಗೆ ತುಪ್ಪ ಸವರಿದ ಹೋಳಿಗೆಯ ಚೂರು ಇಟ್ಟು ಬಾಯಿ ಹೊಲಿಯುತ್ತಾರೆ. ಕೌದಿ ಉಪವಾಸ ಇದ್ದರೆ ಹೊದ್ದವರಿಗೆ ಕಾವು ಹತ್ತುವುದಿಲ್ಲ ಎಂದು ನಂಬಿಕೆ. ಇದನ್ನು ಆ ಊರಿಗೆ ಕಲಿಸಿದವಳು ಹುಲಿಗೆವ್ವನೇ. ಅವಳಿಗೆ ಅವಳ ಅವ್ವ ಕಲಿಸಿದ್ದಳು. ಕೌದಿಗಾಗಿ ಹೋಳಿಗೆ ಮಾಡಿದ ಮನೆಯವರು ಹೊಲಿದವಳಿಗೂ ಎರಡು ಹೋಳಿಗೆ ಕೊಡುತ್ತಿದ್ದರು. ಆ ಪದ್ಧತಿ ಕಟ್ಟಿದ ಮುದುಕಿ ಯಾರೋ, ಜಾಣೆ.

ಆ ವರ್ಷ ಹುಲಿಗೆವ್ವನ ಬೆರಳುಗಳು ಗಂಟು ಕಟ್ಟಿ ಸೊಟ್ಟಗಾದವು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾಯಿತು. ಅಷ್ಟು ವರ್ಷ ಊರಿಗೆಲ್ಲ ಹೊಲಿದವಳು ತನಗೆಂದು ಹೊಲಿದುಕೊಂಡಿದ್ದು ಒಂದೇ ಕೌದಿ. ಅದಕ್ಕೂ ತೇಪೆಯ ಮೇಲೆ ತೇಪೆ. ಆದರೆ ಅದು ಚಳಿ ತಡೆಯುತ್ತಿತ್ತು. ಇದನ್ನು ನೆನಪಿಟ್ಟುಕೋ. ತಡೆಯುತ್ತಿತ್ತು.

ಊರ ಗೌಡನ ಹೆಂಡತಿಗೆ ಒಂದು ಯೋಚನೆ ಬಂತು. ಇಡೀ ಊರಿಗೆ ಕೌದಿ ಹೊಲಿದ ಮುದುಕಿಗೆ ಈ ಚಳಿಗಾಲ ನಾವು ಒಂದು ಕೌದಿ ಹೊಲಿದುಕೊಡಬೇಕು ಎಂದಳು. ಒಳ್ಳೆಯ ಯೋಚನೆ, ನಾನು ಇಲ್ಲವೆನ್ನುವುದಿಲ್ಲ. ಗೌಡಸಾನಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಕತೆ ಸುಲಭವಾಗುತ್ತಿತ್ತು, ನಾನೂ ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಊರಿನ ಹನ್ನೊಂದು ಹೆಂಗಸರು ಅವಳ ಜೊತೆ ಸೇರಿದರು. ಹನ್ನೆರಡು ಜನರೂ ಒಂದು ಭಾನುವಾರ ಅರಿಸಿನ ಕುಂಕುಮ ಹಿಡಿದುಕೊಂಡು ಹುಲಿಗೆವ್ವನ ಗುಡಿಸಲಿಗೆ ಹೋದರು. ಹಳೆಯ ಕೌದಿ ಕೊಡು ಎಂದು ಕೇಳಿದರು.

ಹುಲಿಗೆವ್ವನಿಗೆ ಕಣ್ಣಲ್ಲಿ ನೀರು ಬಂತು. ಸಂತೋಷದ್ದೇ. ಆದರೆ ಕಸುಬಿನವಳಲ್ಲವೇ, ಯಾವಾಗ ಮುಗಿಯುತ್ತದೆ ಎಂದು ಕೇಳಿಯೇ ಬಿಟ್ಟಳು. ಗುರುವಾರದೊಳಗೆ ತಂದು ಹೊದಿಸುತ್ತೇವೆ ಎಂದು ಗೌಡಸಾನಿ ಮಾತು ಕೊಟ್ಟಳು. ಮುದುಕಿ ಮನಸ್ಸಿನಲ್ಲೇ ಎಣಿಸಿದಳು. ಒಂದು ಜೋಡಿ ಕೈಗೆ ಒಂದು ತಿಂಗಳ ಕೆಲಸ. ಹನ್ನೆರಡು ಜೋಡಿ ಕೈಗೆ ನಾಲ್ಕು ದಿನ ಸಾಕು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕು ದಿನ ಗೋಣಿಚೀಲ ಹೊದ್ದರೆ ಆಯಿತು ಎಂದುಕೊಂಡು, ಕೌದಿಯನ್ನು ಕೊಡವಿ, ಮಡಚಿ, ಅವರ ಕೈಗಿಟ್ಟಳು.

ಗೌಡರ ಮನೆಯ ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ಹುಲಿಗೆವ್ವನ ಕೌದಿಯನ್ನು ಹಾಸಿದರು, ಅದರ ಕೆಳಗೆ ಮೇಲೆ ಸೀರೆ ಹರವಿದರು. ಮೊದಲ ದಿನ ಅಂಚು ಹಿಡಿದು ಒಂದು ಸುತ್ತು ಹೊಲಿದರು. ಅಂದರೆ ಹಳೆಯದು ಒಳಗೆ ಸೇರಿಹೋಯಿತು.

ಎರಡನೆಯ ದಿನ ನಡುವಿನ ತುಂಡು ಯಾರದಾಗಬೇಕು ಎಂದು ಮಾತು ಬಂತು. ಗೌಡಸಾನಿ ತನ್ನ ಮದುವೆಯ ಸೀರೆಯ ಸೆರಗು ತೆಗೆದಿಟ್ಟಿದ್ದಳು. ಸಾಹುಕಾರನ ಹೆಂಡತಿ ಹೊಸ ರೇಷ್ಮೆಯ ತುಂಡನ್ನೇ ತಂದಿದ್ದಳು. ಹಳೆ ಬಟ್ಟೆಯ ಕೆಲಸಕ್ಕೆ ಹೊಸ ಬಟ್ಟೆ ಯಾಕೆ ಎಂದು ಒಬ್ಬಳು, ಕೊಡುವವರ ಕೈ ಯಾಕೆ ಹಿಡಿಯಬೇಕು ಎಂದು ಇನ್ನೊಬ್ಬಳು. ಎರಡು ದಿನ ಸೂಜಿ ಓಡಲಿಲ್ಲ, ಬಾಯಿ ಓಡಿತು. ಕಡೆಗೆ ಎರಡನ್ನೂ ಹಾಕುವುದೆಂದು ಆಯಿತು. ಅಷ್ಟರಲ್ಲಿ ಗುರುವಾರ ಬಂತು, ಹೋಯಿತು.

ಆಮೇಲೆ ಯಾರೋ ಬರಿಯ ತುಂಡು ಜೋಡಿಸಿದರೆ ಏನು ಚೆಂದ, ಸುತ್ತ ಗಿಳಿಸಾಲು ಬರಲಿ ಎಂದರು. ಗಿಳಿ ಬಂದ ಮೇಲೆ ತುಳಸಿಕಟ್ಟೆ ಬೇಡವೇ? ತುಳಸಿಕಟ್ಟೆ ಬಂದ ಮೇಲೆ ದೀಪ ಬೇಡವೇ? ಮಂಗಳವಾರ ಸೂಜಿ ಹಿಡಿಯಬಾರದು ಎಂದರು. ಶುಕ್ರವಾರ ತಲೆಸ್ನಾನ, ಪೂಜೆ, ಬರಲಾಗಲಿಲ್ಲ. ಒಬ್ಬಳ ಹೊಲಿಗೆ ಸೊಟ್ಟಗಾಯಿತೆಂದು ಇನ್ನೊಬ್ಬಳು ಬಿಚ್ಚಿದಳು. ಬಿಚ್ಚಿಸಿಕೊಂಡವಳು ಮುನಿಸಿಕೊಂಡು ಎರಡು ದಿನ ಮನೆಯಲ್ಲಿ ಕೂತಳು. ಅವಳನ್ನು ರಮಿಸಿ ಕರೆತರಲು ಮತ್ತೆ ಎರಡು ದಿನ.

ಹನ್ನೆರಡು ಜನ ಒಂದು ಕಡೆ ಸೇರಿದರೆ ಕೈ ಸುಮ್ಮನಿರುತ್ತದೆಯೇ? ಪಡಸಾಲೆಯಲ್ಲಿ ಚಳಿ ಎಂದು ಗೌಡಸಾನಿ ಜೇಡಿಮಣ್ಣು ಕಲಸಿ ಒಂದು ಅಗ್ಗಿಷ್ಟಿಕೆ ಮಾಡಿದಳು, ಕೆಂಡ ತುಂಬಿ ನಡುವೆ ಇಟ್ಟಳು. ಅದನ್ನು ನೋಡಿ ಎಲ್ಲರೂ ತಮ್ಮ ತಮ್ಮ ಮನೆಗೊಂದು ಮಾಡಿಕೊಂಡರು. ಉಳಿದ ಚೂರುಬಟ್ಟೆಯಲ್ಲಿ ಮೊಮ್ಮಕ್ಕಳಿಗೆ ಕಿವಿ ಮುಚ್ಚುವ ಕುಲಾಯಿ ಹೊಲಿದರು. ಬಾಗಿಲ ಸಂದಿಗೆ ಗಾಳಿ ಬರದಂತೆ ಇಡಲು, ಹೊಟ್ಟು ತುಂಬಿದ ಬಟ್ಟೆಯ ಸುರುಳಿ ಮಾಡಿದರು. ಒಣಕೊಬ್ಬರಿ, ಉತ್ತತ್ತಿ, ಅಂಟು ಹುರಿದು ಅಂಟಿನ ಉಂಡೆ ಕಟ್ಟಿದರು. ಹುಲಿಗೆವ್ವನ ಹೆಸರಿನಲ್ಲಿ ಊರೆಲ್ಲ ಬೆಚ್ಚಗಾಯಿತು. ಆ ವರ್ಷದಷ್ಟು ಸಂತೋಷದಿಂದ ಚಳಿಗಾಲವನ್ನು ಬರಮಾಡಿಕೊಂಡದ್ದು ನೆನಪೇ ಇಲ್ಲ ಎಂದು ಹೆಂಗಸರು ಮಾತಾಡಿಕೊಂಡರು.

ಗುಡಿಸಲಲ್ಲಿ ಹುಲಿಗೆವ್ವ ಎರಡು ಗೋಣಿಚೀಲ ಹೊದ್ದು ಆಡನ್ನು ಪಕ್ಕದಲ್ಲಿ ಕಟ್ಟಿಕೊಂಡು ಮಲಗುತ್ತಿದ್ದಳು. ಗೋಣಿಯ ನೂಲಿನ ನಡುವೆ ಗಾಳಿ ಬರುತ್ತದೆ. ಅದು ಕಾಳು ತುಂಬುವುದಕ್ಕೆ ನೇಯ್ದದ್ದು, ಮನುಷ್ಯರನ್ನು ಹೊದಿಸುವುದಕ್ಕಲ್ಲ.

ಹದಿನೈದು ದಿನ ಕಾದು ಮುದುಕಿ ತಾನೇ ಗೌಡರ ಮನೆಗೆ ಹೋದಳು. ಹೆಂಗಸರು ಎದ್ದು ಬಾ ಆಯಿ ಬಾ ಆಯಿ ಎಂದು ಕರೆದು ಕೂಡಿಸಿದರು. ಕೈಗೆ ಬಿಸಿ ಚಹಾ ಕೊಟ್ಟರು. ಕೌದಿಯನ್ನು ಎತ್ತಿ ತೋರಿಸಿದರು. ಮುದುಕಿ ನೋಡಿ, ಚೆಂದ ಆಗಿದೆ, ಇಷ್ಟು ಸಾಕು, ಉದ್ದ ಹೊಲಿಗೆ ಹಾಕಿ ಮುಗಿಸಿಬಿಡಿ ಎಂದಳು. ಎಲ್ಲರೂ ನಕ್ಕರು. ನಿನಗೆ ಸಂಕೋಚ ಆಯಿ, ನಿನಗೆ ಕೊಡುವುದನ್ನು ಹಾಗೆಲ್ಲ ಮಾಡಲು ನಮಗೆ ಮನಸ್ಸು ಬರುತ್ತದೆಯೇ ಎಂದರು. ಮುದುಕಿ ಕೌದಿಯ ಮೇಲೆ ಕೈ ಇಟ್ಟಳು. ಅದರೊಳಗೆ ತನ್ನದು ಎಲ್ಲಿದೆ ಎಂದು ಹುಡುಕುತ್ತಿದ್ದಳೋ ಏನೋ. ಸಾಹುಕಾರನ ಹೆಂಡತಿ ಮೆಲ್ಲಗೆ ಆ ಕೈ ಹಿಡಿದು ಪಕ್ಕಕ್ಕಿಟ್ಟಳು. ಹೊಲಿಯಲೆಂದು ಸುಣ್ಣದಲ್ಲಿ ಗಿಳಿ ಬರೆದಿದ್ದೇವೆ, ಅಳಿಸಿಹೋಗುತ್ತದೆ ಎಂದಳು.

ಆ ಹೆಂಗಸರಿಗೆಲ್ಲ ಸೂಜಿ ಹಿಡಿಯಲು ಕಲಿಸಿದ ಕೈ ಅದು.

ಚಳಿಯಾಗುತ್ತದೆ ಎಂದು ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀ. ಹೇಳಿ ನೋಡು ಒಂದು ಸಲ. ಉಡುಗೊರೆ ಕೊಡುತ್ತೇವೆ ಎಂದವರ ಮನೆ ಬಾಗಿಲಲ್ಲಿ ನಿಂತು ಬೇಗ ಕೊಡಿ ಎಂದು ಕೇಳಿ ನೋಡು. ಎಷ್ಟು ಆಸೆಬುರುಕಿ ಎನ್ನುತ್ತಾರೆ. ಹುಲಿಗೆವ್ವ ಜೀವಮಾನದಲ್ಲಿ ಯಾರ ಹತ್ತಿರವೂ ಆ ಮಾತು ಅನ್ನಿಸಿಕೊಂಡವಳಲ್ಲ. ಚಹಾ ಕುಡಿದು ಎದ್ದು ಹೋದಳು.

ಮನೆಮನೆಯಲ್ಲಿ ನಾಲ್ಕು ಐದು ಕೌದಿಗಳು ಮಡಚಿ ಬಿದ್ದಿದ್ದವು. ಒಂದನ್ನು ಯಾರಾದರೂ ಅಲ್ಲಿಯತನಕ ಹೊದಿಸಬಾರದಿತ್ತೇ? ಕುಂಬಾರರ ಗಿರಿಯವ್ವ ಎಂಬವಳಿಗೆ ಇದು ಹೊಳೆಯಿತು. ಅವಳೂ ಹನ್ನೆರಡರಲ್ಲಿ ಒಬ್ಬಳು. ಕೌದಿ ಬಗಲಲ್ಲಿ ಇಟ್ಟುಕೊಂಡು ಹೊಸಿಲ ತನಕ ಬಂದಳು. ಅತ್ತೆ ತಡೆದಳು. ಈಗ ನೀನು ಹೋಗಿ ಕೊಟ್ಟರೆ ಗೌಡಸಾನಿ ತಡ ಮಾಡಿದಳು ಎಂದು ಊರಿಗೆ ಸಾರಿದ ಹಾಗಾಗುತ್ತದೆ, ಅವರ ಮನಸ್ಸು ನೋಯಿಸಬೇಡ ಎಂದಳು. ಗಿರಿಯವ್ವ ಒಳಗೆ ಹೋದಳು. ಗೌಡಸಾನಿಯ ಮನಸ್ಸು ನೋಯಲಿಲ್ಲ. ಮುದುಕಿಗೆ ಕೆಮ್ಮು ಹತ್ತಿತು.

ಒಂದೂವರೆ ತಿಂಗಳಿಗೆ ಕೌದಿ ಮುಗಿಯಿತು. ಒಂದು ಮೂಲೆ ಬಿಟ್ಟು. ಈಗ ಹೊಟ್ಟೆ ತುಂಬಿಸುವುದು ಯಾವ ದಿನ ಎಂದು ಪ್ರಶ್ನೆ ಬಂತು. ಇಂಥ ಕೌದಿಗೆ ಹಾದಿಬೀದಿಯ ದಿನ ಆಗುತ್ತದೆಯೇ? ಆ ಊರಿಗೆ ಭಿಕ್ಷೆಗೆ ಹೋಗುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ಸ್ವಾಮಿ ಇದ್ದ. ಅವನನ್ನು ಕರೆದು ಕೇಳಿದರು. ಅವನು ಬೆರಳು ಮಡಚಿ ಎಣಿಸಿ, ಎಳ್ಳಮಾವಾಸ್ಯೆಗೆ ಇಟ್ಟುಕೊಳ್ಳಿ ಎಂದ. ಅಂದು ಭೂಮಿತಾಯಿಗೆ ಎಡೆ ಕೊಡುವ ದಿನ, ಅಂದೇ ಕೌದಿಗೂ ಉಣಿಸಿದರೆ ಶ್ರೇಷ್ಠ ಎಂದ. ಎಲ್ಲರಿಗೂ ಒಪ್ಪಿಗೆಯಾಯಿತು. ಅದಕ್ಕೆ ಇನ್ನೂ ಹನ್ನೆರಡು ದಿನ ಇತ್ತು.

ಆ ಸ್ವಾಮಿ ನಾನೇ.

ತಲೆ ಎತ್ತಿ ನೋಡಬೇಡ, ಕೇಳು. ಆಗ ನನಗೆ ಇಪ್ಪತ್ತೆರಡು ವರ್ಷ. ಅದೇ ದಿನ ಬೆಳಿಗ್ಗೆ ಹುಲಿಗೆವ್ವನ ಗುಡಿಸಲ ಮುಂದೆಯೂ ಜೋಳಿಗೆ ಹಿಡಿದು ನಿಂತಿದ್ದೆ. ಒಂದು ಹಿಡಿ ಜೋಳದ ಹಿಟ್ಟು ತಂದು ಹಾಕಿದಳು. ಅವಳ ಕೈ ನಡುಗಿ ಅರ್ಧ ಹಿಟ್ಟು ನನ್ನ ಕಾಲ ಮೇಲೆ ಬಿತ್ತು. ಹೆಗಲ ಮೇಲೆ ಗೋಣಿಚೀಲ ಇತ್ತು. ನೋಡಿದೆ. ಕೇಳಲಿಲ್ಲ. ವಯಸ್ಸಾಗಿದೆ, ಕೈ ನಡುಗುತ್ತದೆ ಎಂದುಕೊಂಡು ಆಶೀರ್ವಾದ ಮಾಡಿ ಬಂದೆ. ಬಂದವನು ನೇರ ಗೌಡರ ಪಡಸಾಲೆಗೆ ಹೋಗಿ, ಅಗ್ಗಿಷ್ಟಿಕೆಯ ಪಕ್ಕ ಕೂತು, ಅಂಟಿನ ಉಂಡೆ ತಿನ್ನುತ್ತ ದಿನ ಹೇಳಿದೆ.

ಆ ಹನ್ನೆರಡು ದಿನ ಕೌದಿಯನ್ನು ಪಡಸಾಲೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿದರು. ನೆರೆಯೂರಿನವರೆಲ್ಲ ಬಂದು ನೋಡಿ ಹೋದರು. ಯಾರಿಗೆ ಎಂದು ಕೇಳಿದರೆ ನಮ್ಮೂರ ಒಬ್ಬ ಬಡ ಮುದುಕಿಗೆ ಎಂದು ಹೇಳುತ್ತಿದ್ದರು. ಕೇಳಿದವರು ಎಂಥ ಊರಪ್ಪ ಎಂದು ಹೊಗಳುತ್ತಿದ್ದರು. ಆ ಹನ್ನೆರಡು ದಿನದಲ್ಲಿ ಚಳಿ ಹೇಗಿತ್ತೆಂದರೆ ಬೆಳಿಗ್ಗೆ ಬಾವಿಯ ಹಗ್ಗ ಮುಟ್ಟಿದರೆ ಕೈ ಜೋಮು ಹಿಡಿಯುತ್ತಿತ್ತು. ಹುಲಿಗೆವ್ವ ಬಾವಿಗೆ ಹೋಗುವುದನ್ನು ಬಿಟ್ಟಳು. ಪಕ್ಕದವರು ಕೊಟ್ಟಷ್ಟೇ ನೀರು, ಅದು ಸಾಲದೆ ಎರಡು ಹೊತ್ತಿನ ಗಂಜಿಯನ್ನು ಒಂದು ಹೊತ್ತಿಗೆ ಇಳಿಸಿದಳು.

ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಬಂಡಿ ಹೂಡುವ ಮೊದಲು, ಬೆಳಗಿನಲ್ಲೇ ಗೌಡರ ಅಂಗಳದಲ್ಲಿ ಊರು ಸೇರಿತು. ಒಂದು ಕಡೆ ಹೆಂಗಸರು ಈಳಿಗೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದರು. ಕೌದಿಯನ್ನು ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಿದರು. ಹಿತ್ತಾಳೆಯ ತಟ್ಟೆಯಲ್ಲಿ ತುಪ್ಪ ಸುರಿದ ಹೋಳಿಗೆ ಬಂತು. ನನ್ನನ್ನು ಗದ್ದಿಗೆ ಹಾಕಿ ಕೂಡಿಸಿದ್ದರು, ನನ್ನ ಮುಂದೆಯೂ ಎರಡು ಹೋಳಿಗೆ. ಹುಲಿಗೆವ್ವನನ್ನು ಇಬ್ಬರು ತೋಳು ಹಿಡಿದು ಕರೆತಂದರು. ಗೋಣಿ ಹೊದ್ದು ಬಂದರೆ ನೋಡಿದವರು ಏನೆಂದಾರು ಎಂದು ಅಂಗಳದ ಬಾಗಿಲಲ್ಲೇ ಅದನ್ನು ತೆಗೆಸಿದ್ದರು. ಅವಳು ಬರಿಯ ಸೀರೆಯಲ್ಲಿ ಆ ಗಾಳಿಯಲ್ಲಿ ಕೂತಿದ್ದಳು.

ಗೌಡಸಾನಿ ಹೋಳಿಗೆ ಮುರಿದು ಕೌದಿಯ ಮೂಲೆಯೊಳಗೆ ಇಟ್ಟಳು. ಹೊಟ್ಟೆ ತುಂಬ ಉಣ್ಣು ತಾಯಿ, ಯಾರನ್ನೂ ನಡುಗಿಸಬೇಡ ಎಂದು ಹೇಳಿ ಕೈಮುಗಿದಳು. ಅದು ಹುಲಿಗೆವ್ವನೇ ಕಲಿಸಿದ ಮಾತು. ಕಡೆಯ ಹೊಲಿಗೆಯನ್ನು ಊರಿನ ಹಿರಿಯ ಕೈ ಹಾಕಬೇಕು ಎಂದು ದಾರ ಪೋಣಿಸಿದ ಸೂಜಿಯನ್ನು ಅವಳ ಕೈಗೆ ಕೊಟ್ಟರು. ಆ ಕೈಯಲ್ಲಿ ಸೂಜಿ ನಿಲ್ಲಲಿಲ್ಲ, ಬಿತ್ತು. ಎತ್ತಿ ಕೊಟ್ಟರು, ಮತ್ತೆ ಬಿತ್ತು. ಪಾಪ, ಸುಮ್ಮನೆ ಮುಟ್ಟಿ ಬಿಡು ಆಯಿ ಎಂದರು.

ಹುಲಿಗೆವ್ವ ಮುಟ್ಟಲಿಲ್ಲ. ಮೂಲೆಯೊಳಗೆ ಕೈ ಹಾಕಿದಳು, ಹೋಳಿಗೆ ಹೊರಗೆ ತೆಗೆದಳು, ಬಾಯಿಗೆ ಹಾಕಿಕೊಂಡಳು. ಎಲ್ಲರೂ ನೋಡುತ್ತಿದ್ದರು. ಅವಳು ಅವಸರ ಮಾಡದೆ ಅಗಿದು ನುಂಗಿದಳು. ಬೆರಳಿಗೆ ಹತ್ತಿದ ತುಪ್ಪವನ್ನೂ ನೆಕ್ಕಿದಳು. ಆಮೇಲೆ ಹೇಳಿದಳು.

“ಕೌದಿ ಉಪಾಸ ಇರಬಾರದು ಅಂತ ನಿಮಗ ಕಲಿಸಿದಾಕಿ ನಾನ. ಹೊದಿಯಾಕಿ ಉಪಾಸ ಇರಬಾರದು ಅಂತ ಬ್ಯಾರೆ ಕಲಿಸಬೇಕಾಗಿತ್ತೇನ? ನನ್ನ ಹಳೇ ಕೌದಿ ನನಗ ಕೊಡ್ರಿ.”

ಗೌಡಸಾನಿಯ ಮುಖ ಸಣ್ಣದಾಯಿತು. “ಅದು ಇದರೊಳಗ ಐತಲ್ಲ ಆಯಿ,” ಎಂದಳು. “ನಿನ್ನ ಸಲುವಾಗಿ ಇಷ್ಟೆಲ್ಲಾ ಮಾಡೀವಿ, ನಮ್ಮ ಮ್ಯಾಲೆ ಸಿಟ್ಟ?”

ಹುಲಿಗೆವ್ವ ಮಣೆಯ ಮೇಲಿನ ಕೌದಿಯನ್ನು ಎಳೆದುಕೊಂಡಳು. ಬದನೆಕಾಯಿ ಹೆಚ್ಚುತ್ತಿದ್ದ ಈಳಿಗೆಯ ಹತ್ತಿರ ಹೋಗಿ, ಕೂತಿದ್ದವಳಿಗೆ ಏಳು ಎಂದಳು. ಈಳಿಗೆಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತಳು. ಬೆರಳು ಮಡಚದಿದ್ದರೇನು, ಎರಡು ಅಂಗೈಯಲ್ಲಿ ಹಿಡಿದು ಎಳೆಯಬಹುದಲ್ಲ. ಹೊಲಿಗೆಯನ್ನು ಅಲಗಿಗೆ ಕೊಟ್ಟು ಎಳೆದಳು. ದಾರ ಪಟಪಟನೆ ಹರಿಯಿತು. ಒಂದು ಸಾಲು, ಇನ್ನೊಂದು ಸಾಲು. ಸಾಹುಕಾರನ ಹೆಂಡತಿ ಅಳತೊಡಗಿದಳು. ಯಾರೋ ತಡೆಯಲು ಹೋದರು. ಮುದುಕಿ ತಲೆ ಎತ್ತಿ ನೋಡಿದ ನೋಟಕ್ಕೆ ಅಲ್ಲೇ ನಿಂತರು. ಹನ್ನೆರಡು ಜನ ಒಂದೂವರೆ ತಿಂಗಳು ಹಾಕಿದ ಹೊಲಿಗೆ ಬಿಚ್ಚಲು ಬಹಳ ಹೊತ್ತು ಹಿಡಿಯಲಿಲ್ಲ. ಗಿಳಿಯ ಕತ್ತು ಒಂದು ಕಡೆ, ರೆಕ್ಕೆ ಒಂದು ಕಡೆ ಬಿತ್ತು. ಒಳಗಿನಿಂದ ಹಳೆಯ ಕೌದಿ ಹೊರಗೆ ಬಂತು. ಮೈತುಂಬ ಸೂಜಿಯ ತೂತು. ಅವಳು ಅದನ್ನು ಕೊಡವಿ ಹೊದ್ದುಕೊಂಡು ಅಂಗಳ ದಾಟಿ ಹೋದಳು. ಕೆಮ್ಮುತ್ತಲೇ ಹೋದಳು.

ನಾನು ಎದ್ದು ಹಿಂದೆ ಹೋದೆ. ಕೈಯಲ್ಲಿ ನನ್ನ ಪಾಲಿನ ಎರಡು ಹೋಳಿಗೆ. ಆಯಿ, ಬಿಚ್ಚುವ ಬದಲು ಹೊಸದನ್ನೇ ತೆಗೆದುಕೊಳ್ಳಬಹುದಿತ್ತಲ್ಲ, ಅದು ನಿನಗೇ ಮಾಡಿದ್ದು ಎಂದೆ. ಬುದ್ಧಿ ಹೇಳಲು ಹೋದೆ ನೋಡು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವಳು ನಿಂತಳು.

“ಅದು ಅವರದು, ಸ್ವಾಮಿ. ನನ್ನದು ಅದರೊಳಗ ಸಿಕ್ಕಿಬಿದ್ದಿತ್ತು.”

ಅಷ್ಟೇ ಹೇಳಿದಳು. ಹೋಳಿಗೆಯನ್ನು ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ ಗಿರಿಯವ್ವ ಬಂದು ತನ್ನ ಕೌದಿಯನ್ನು ಅವಳಿಗೆ ಹೊದಿಸಿದಳು. ಯಾರನ್ನೂ ಕೇಳಲಿಲ್ಲ, ದಿನ ನೋಡಲಿಲ್ಲ. ಹುಲಿಗೆವ್ವ ಬೇಡವೆನ್ನಲಿಲ್ಲ. ನಾನು ಗಿರಿಯವ್ವನನ್ನೂ ಹೊಗಳುವುದಿಲ್ಲ. ಹೊಸಿಲ ತನಕ ಬಂದ ಕೌದಿ ಹೊಸಿಲು ದಾಟಲು ಒಂದು ತಿಂಗಳು ತೆಗೆದುಕೊಂಡಿತು. ಮುದುಕಿ ಆ ಚಳಿಗಾಲ ದಾಟಿದಳು. ಎದೆಯಲ್ಲಿ ಕೂತ ಕೆಮ್ಮು ಮಾತ್ರ ಇಳಿಯಲಿಲ್ಲ. ಮುಂದಿನ ದಸರೆಗೆ ಅವಳಿರಲಿಲ್ಲ.

ಆ ಊರಿನವರು ಇಲ್ಲಿಗೆ ಬಂದಾಗ ಅವಳನ್ನು ಈಗಲೂ ನೆನೆಯುತ್ತಾರೆ. ಏನೆಂದು ನೆನೆಯುತ್ತಾರೆ ಗೊತ್ತೇ? ಹುಲಿಗೆವ್ವನ ಕೈಗುಣ ದೊಡ್ಡದು, ಆದರೆ ಬಲು ಸಿಟ್ಟಿನ ಮುದುಕಿ, ಮಾಡಿದ ಉಪಕಾರ ಅರಿಯಲಿಲ್ಲ ಎಂದು. ನನ್ನ ಎದುರಿಗೇ ಹೇಳಿದ್ದಾರೆ. ನಾನು ಆ ಊರಿಗೆ ಹೋಗುವುದನ್ನು ಬಿಟ್ಟು ನಲವತ್ತು ವರ್ಷವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅವರ ಉಸಿರು ಜೋರಾಗಿತ್ತು. ಬಿಸಿಲು ಕಟ್ಟೆಯಿಂದ ಇಳಿದು ಪೌಳಿಯ ಕಂಬಗಳ ತನಕ ಹೋಗಿತ್ತು. ಕೂಲಿಯವರು ಹತ್ತಿ ಹೊಲಕ್ಕೆ ಹೊರಡಲು ಬುತ್ತಿ ಕಟ್ಟುತ್ತಿದ್ದರು. ಬೆಳಿಗ್ಗೆ ಬಟ್ಟಲು ಕುಕ್ಕಿದ ಮುದುಕ ಒಂದು ಕಂಬಕ್ಕೆ ಬೆನ್ನು ಕೊಟ್ಟು ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಅವನ ಹೆಗಲ ಮೇಲೆ ಹತ್ತಿ ತುಂಬುವ ಚೀಲ ಇತ್ತು.

ಅಡವಯ್ಯನಿಗೆ ಮುದುಕಿಯ ಸಿಟ್ಟು ಅರ್ಥವಾಗಿತ್ತು. ಆದರೂ ಒಂದು ಸಂಶಯ ಉಳಿದಿತ್ತು.

“ಗೌಡಸಾನಿಯ ಮನಸ್ಸು ಒಳ್ಳೆಯದೇ ಇತ್ತಲ್ಲ, ಅಜ್ಜಾರೇ,” ಎಂದ. “ಒಳ್ಳೆಯ ದಿನಕ್ಕೆ ಕಾದಳು, ಅಷ್ಟೇ. ಅವಳು ಬೇರೆ ಏನು ಮಾಡಬೇಕಿತ್ತು?”

ಗುರುಗಳು ಪೌಳಿಯಿಂದ ಕಣ್ಣು ತೆಗೆದು ಅವನನ್ನು ನೋಡಿದರು.

“ಉಗ್ರಾಣದ ಕೀಲಿ ಎಲ್ಲಿದೆ, ಅಡವಯ್ಯ?”

ಅಡವಯ್ಯನ ಕೈ ಸೊಂಟದಲ್ಲಿದ್ದ ಕೀಲಿಗೆ ಹೋಯಿತು.